ನಕ್ಷತ್ರಕ್ಕೆ ಭತ್ತ ಒಣಗಿಸಿದ್ದು

ನಾನು ಜಂಬ ಕೊಚ್ಚಿದ ದಿನವೇ, ಅದೂ ಮಂದಿ ತುಂಬಿದ ಜಾಗದಲ್ಲೇ, ನನ್ನ ಮರ್ಯಾದೆ ಹೋಗಬೇಕು. ಇದೇನು ಒಂದು ದಿನದ ಕಥೆಯಲ್ಲ. ಕಾಲುವೆ ನೀರು ಬಂದು ಕಂಪ್ಲಿ ಸುತ್ತ ಎಲ್ಲಿ ನೋಡಿದರೂ ಭತ್ತವೇ ಆಗಿದ್ದ ಕಾಲ. ನಾನು ಒಂದು ಅಕ್ಕಿ ಮಿಲ್ಲಿನ ಒಣಗಿಸುವ ಕಣದ ಮೇಸ್ತ್ರಿ. ಕುದಿಸಿದ ಭತ್ತ ಯಾವಾಗ ಹರಡಬೇಕು, ಯಾವಾಗ ಗುಡ್ಡೆ ಹಾಕಬೇಕು ಅನ್ನೋದರಲ್ಲಿ ಸಾವ್ಕಾರರೂ ನನ್ನ ಮಾತು ಮೀರುತ್ತಿರಲಿಲ್ಲ. ಶಾಲೆ ಮೆಟ್ಟಿಲು ಹತ್ತಿದವನಲ್ಲ ನಾನು. ಬರಿಗಾಲು ಸಿಮೆಂಟಿನ ಮೇಲಿಟ್ಟರೆ ಬಿಸಿಲಿನ ಜಾತಕ ಹೇಳುತ್ತಿದ್ದೆ. ನಾನು ಹೂಂ ಅಂದ ಮೇಲೇ ಸೂರ್ಯ ಹೊಸಪೇಟೆ ಕಡೆ ಇಳಿಯೋದು ಅಂತಲೂ ಹೇಳಿಕೊಳ್ಳುತ್ತಿದ್ದೆ.

೧. ಒಂದು ಹಿಡಿ ಭತ್ತ

ಪಕ್ಕದ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಒಂದು ದಿನ ಮಕ್ಕಳನ್ನು ಕಣಕ್ಕೆ ಕರೆತಂದರು. ಅವರ ಶಾಲೆ ಅಂಗಳದ ತುಂಬ ಬೇವಿನ ನೆರಳು. ಬಿಸಿಲಿನ ಪಾಠಕ್ಕೆ ಬಿಸಿಲೇ ಇಲ್ಲ.

"ಸೂರ್ಯನೂ ಒಂದು ನಕ್ಷತ್ರ. ಉಳಿದವುಕ್ಕಿಂತ ಭಾಳ ಹತ್ರ ಐತಿ, ಅದಕ್ಕ ದೊಡ್ಡದು ಕಾಣತೈತಿ" ಅಂದರು.

ನಾನು ಹೊಟ್ಟೆ ಹಿಡಿದು ನಕ್ಕೆ. "ಸರ, ಈ ಕಣದಾಗ ನನ್ನ ಕೂದಲು ಬೆಳ್ಳಗಾದವು. ನಕ್ಷತ್ರಕ್ಕ ಎಲ್ಲ್ಯಾರ ಭತ್ತ ಒಣಗತೈತೇನ್ರಿ?"

ಮಾಸ್ತರರು ಬಗ್ಗಿ ಒಂದು ಹಿಡಿ ಭತ್ತ ತೆಗೆದು ನನ್ನ ಅಂಗೈಗೆ ಸುರಿದರು. "ಒಣಗೈತೇನು ನೀವೇ ನೋಡ್ರಿ, ಮೇಸ್ತ್ರಿ."

ಗರಿಗರಿ ಒಣಗಿತ್ತು. ಅಂದಿನಿಂದ ಭತ್ತ ಕೆದರುವ ಹೆಂಗಸರ ಬಾಯಲ್ಲಿ ನಾನು ನಕ್ಷತ್ರದ ಮೇಸ್ತ್ರಿ.

೨. ಸುಟ್ಟ ಮೀಸೆ

ಸೂರ್ಯನಿಗೂ ನಮಗೂ ನಡುವೆ ಗಾಳಿ ಕೂಡ ಇಲ್ಲದ ಬಯಲು ಇದೆ, ಆದರೂ ಅದರ ಶಾಖ ಕಿರಣವಾಗಿ ದಾಟಿ ಬರುತ್ತದೆ, ಅದೇ ವಿಕಿರಣ ಅಂತ ಮಾಸ್ತರರು ಇನ್ನೊಂದು ದಿನ ಕಣದಲ್ಲೇ ಮಕ್ಕಳಿಗೆ ವಿವರಿಸಿದರು. ಹೋದ ಮರ್ಯಾದೆ ವಾಪಸ್ ತರಬೇಕಲ್ಲ, ನಾನು ನಡುವೆ ನುಗ್ಗಿದೆ.

"ನನ್ನ ಕೇಳ್ರಿ! ಸಂಡೂರು ಗುಡ್ಡದ ನೆತ್ತಿ ಹತ್ತಿದ್ದೆ. ಸೂರ್ಯ ಎಷ್ಟು ಹತ್ರ ಅಂದ್ರ, ಬಗ್ಗದಿದ್ರ ತಲಿಗೆ ಬಡೀತಿತ್ತು. ಈ ಮೀಸಿ ಅರ್ಧ ಸುಟ್ಟು ಹೋತು!"

ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಬುತ್ತಿ ತಂದ ನನ್ನ ಹೆಂಡತಿ ಹಿಂದೆಯೇ ನಿಂತಿದ್ದು ನನಗೇನು ಗೊತ್ತು?

"ಆ ಗುಡ್ಡದ ಮ್ಯಾಲಿನ ದೋಣಿಮಲೈಗೆ ನನ್ನ ತಂಗಿ ಮನಿಗೆ ಹೋದಾಗಿನ ಮಾತೇನ್ರಿ ಅದು? ಮೀಸಿ ಸುಟ್ಟಿದ್ದು ಬೀಡಿ ಕಿಡಿಗೆ. ಗುಡ್ಡದ ಮ್ಯಾಲೆ ಥಂಡಿ ಅಂತ ಬಸ್ಸಿನ ಮಂದಿ ಮುಂದ ನನ್ನ ಹಳೆ ಸೀರಿ ಹೊದ್ಕೊಂಡು ಬಂದ್ರೆಲ್ಲ, ಅದನ್ನ ಯಾಕ ಹೇಳವಲ್ರಿ?"

ಮಾಸ್ತರರು ಮೆತ್ತಗೆ ಅಂದರು: "ಉಣ್ರಿ ಮೇಸ್ತ್ರಿ, ಬುತ್ತಿ ಆರತೈತಿ."

೩. ಎರಡು ಡಬ್ಬಿ

ಮರುದಿನ ಮಾಸ್ತರರು ಎರಡು ತಗಡಿನ ಡಬ್ಬಿಗೆ ನೀರು ತುಂಬಿ ಬಿಸಿಲಿಗಿಟ್ಟರು. ಒಂದಕ್ಕೆ ಮಸಿ ಬಳಿದಿತ್ತು, ಒಂದಕ್ಕೆ ಸುಣ್ಣ. "ಯಾವುದು ಜಲ್ದಿ ಬಿಸಿ ಆಗತೈತಿ?" ಅಂದರು. ಚಳಿಗಾಲದ ನೆಗಡಿ ಹಿಡಿದಿದ್ದ ಸಾವ್ಕಾರರೂ ಕೆಮ್ಮುತ್ತ ಬಂದು ನಿಂತರು.

"ಬಿಳೇದು!" ಅಂದೆ. "ಕರೇದು ಅಂದ್ರ ನೆರಳಿದ್ದಂಗ, ತಣ್ಣಗ. ತಪ್ಪಾದ್ರ ಈ ಕಣದಾಗ ನನ್ನ ಮಾತು ನಡೆಯೋದೇ ಬ್ಯಾಡ!"

"ಬಿಸಿಲಿನ ವಿಷಯದಾಗ ನಮ್ಮ ಮೇಸ್ತ್ರಿ ತಪ್ಪಂಗಿಲ್ಲ" ಅಂದರು ಸಾವ್ಕಾರರು.

ಬಿಸಿಲೇರಿದ ಮೇಲೆ ಮಾಸ್ತರರು ಸಾವ್ಕಾರರ ಕೈಯಿಂದಲೇ ಪರೀಕ್ಷೆ ಮಾಡಿಸಿದರು. ಸಾವ್ಕಾರರು ಬಿಳಿ ಡಬ್ಬಿಗೆ ಬೆರಳಿಟ್ಟು ತೆಗೆದರು. ಕರಿ ಡಬ್ಬಿಯಿಂದ ಬೆರಳು ತೆಗೆಯಲೇ ಇಲ್ಲ. ಅಷ್ಟು ಹಿತವಾಗಿ ಬೆಚ್ಚಗಿತ್ತು.

"ಕಪ್ಪು ಕಿರಣ ಹೀರ್ಕೋತೈತಿ, ಬಿಳೇದು ವಾಪಸ್ ಕಳಸತೈತಿ" ಅಂದರು ಮಾಸ್ತರರು.

ಸಾವ್ಕಾರರು ನಿಧಾನವಾಗಿ ತಲೆಯೆತ್ತಿ ಕಣದ ಪಕ್ಕದ ತಮ್ಮ ಮನೆಯ ಮಾಳಿಗೆ ನೋಡಿದರು. ಅಲ್ಲಿ ಸ್ನಾನದ ನೀರಿನ ಕಬ್ಬಿಣದ ಡ್ರಮ್ಮು. ಬಿಸಿಲು ಚೆನ್ನಾಗಿ ಹಿಡಿಯುತ್ತೆ, ಒಲೆ ಹಚ್ಚೋದೇ ಬೇಡ ಅಂತ ದೀಪಾವಳಿಯಲ್ಲಿ ನಾನೇ ಅದಕ್ಕೆ ಹಾಲಿನಂಥ ಬಿಳಿ ಬಣ್ಣ ಹೊಡೆಸಿದ್ದೆ. ಚಳಿಗಾಲ ಪೂರ್ತಿ ಅವರು ಮಿಂದಿದ್ದು ಅದೇ ನೀರಲ್ಲಿ.

"ಲೇ! ದಿನಾ ನಡುಗಿಕೋತ ಬಂದು ಕೇಳಿದ್ರ, 'ನೀರು ಬಿಸಿನೇ ಐತ್ರಿ, ನಿಮಗ ಗೊತ್ತಾಗವಲ್ದು' ಅಂತಿದ್ದೆಲ್ಲೋ!"

ನೆಲ ಬಾಯಿ ಬಿಟ್ಟಿದ್ದರೆ ಹರಡಿದ ಭತ್ತದ ಸಮೇತ ಒಳಗೆ ಹೋಗುತ್ತಿದ್ದೆ. ಆ ಸಂಜೆಯೇ ಡ್ರಮ್ಮಿಗೆ ಡಾಂಬರು ಬಳಿದೆ. ಮರುದಿನ ಬೆಳಿಗ್ಗೆ ಏನೂ ಆಗದವನಂತೆ ಕಣಕ್ಕೆ ಬಂದು, ಬರಿಗಾಲು ಊರಿ, ಆಕಾಶ ನೋಡಿ ಕೂಗಿದೆ: "ಬಿಸಿಲು ಮಸ್ತ್ ಐತಿ, ಹರಡ್ರಿ ಭತ್ತ!"

ಒಬ್ಬ ಹೆಂಗಸೂ ಅಲುಗಲಿಲ್ಲ. ಅವರಲ್ಲಿ ಹಿರಿಯಾಕೆ ಸೆರಗು ಸಿಗಿಸಿಕೊಳ್ಳುತ್ತ ಕೇಳಿದಳು:

"ಮಾಸ್ತರ್ರನ್ನ ಒಂದು ಮಾತು ಕೇಳೀರೇನ್ರಿ?"