ಸೂರ್ಯನ ಪರವಾಗಿ ನನ್ನ ಸಹಿ

ಒಂದೇ ಒಲೆಯ ಮನೆಯಲ್ಲಿ ಮೂರು ಪಕ್ಷಗಳಿರಬಹುದೆಂದು ಗೌರಿಬಿದನೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದ ಮೇಷ್ಟ್ರು ನನಗೆ ಹೇಳಿರಲಿಲ್ಲ. ಅಲ್ಲಾಳಸಂದ್ರಕ್ಕೆ ಸೊಸೆಯಾಗಿ ಬಂದ ಮೇಲೆ ಕಲಿತೆ.

ನನ್ನದು ಸಿಲಿಂಡರ್ ಪಕ್ಷ. ಸೌದೆಯ ಹೊಗೆಗೆ ನನ್ನ ಕಣ್ಣು ಸದಾ ಕೆಂಪು. ನೋಡಿದವರು ಅತ್ತೆ ಅಳಿಸುತ್ತಾರೆಂದು ತಿಳಿಯುತ್ತಿದ್ದರು. (ಹೊಗೆಗಿಂತ ಈ ಅಪವಾದವೇ ಅತ್ತೆಯನ್ನು ಹೆಚ್ಚು ಸುಡುತ್ತಿತ್ತು.) ನನ್ನ ಗಂಡ ಮುನಿಕೃಷ್ಣಪ್ಪ ಗ್ಯಾಸಿಗೆ ಹೆಸರು ಬರೆಸಿ ಆರು ವರ್ಷವಾಗಿತ್ತು. ಅಷ್ಟರಲ್ಲಿ ಅವರಿಗೆ ಹೆಂಡತಿ ಸಿಕ್ಕಳು, ಸಿಲಿಂಡರ್ ಸಿಗಲಿಲ್ಲ.

ಅತ್ತೆ ಮುನಿಕೆಂಪಮ್ಮನವರದು ಸಗಣಿ ಪಕ್ಷ.

"ಎಲ್ಡು ಅಸ ಕಟ್ಟಿವ್ನಿ. ಇತ್ಲಲ್ಲಿ ಗುಂಡಿ ತೋಡ್ಸಿ ಗೋಬರ್ ಗ್ಯಾಸ್ ಮಾಡ್ಸಿ ಅಂದ್ರೆ ಯಾರೂ ಕೇಳಕ್ಕಿಲ್ಲ. ಅರಬ್ರು ಅಲ್ಲಿ ನಲ್ಲಿ ತಿರುಗ್ಸಿದ್ರೆ ಇಲ್ಲಿ ನಿನ್ನೊಲೆ ಆರೋಯ್ತದೆ ಕಣಮ್ಮಿ. ನಮ್ ಗೌರಿ ಬಾಲ ಎತ್ತಿದ್ರೆ ಸಾಕು, ಊರಿಗೆಲ್ಲ ಅಡ್ಗೆ."

ಮಾವ ಮುನಿಯಲ್ಲಪ್ಪನವರು ಸೂರ್ಯ ಪಕ್ಷದ ಸ್ಥಾಪಕರು, ಅದರ ಏಕೈಕ ಸದಸ್ಯರು. ಬ್ಲಾಕ್ ಆಫೀಸಿನಿಂದ ಬಿಸಿಲಲ್ಲೇ ಅಡಿಗೆ ಬೇಯಿಸುವ ಒಂದು ಪೆಟ್ಟಿಗೆ ತಂದಿದ್ದರು. ಒಳಗೆಲ್ಲ ಕಪ್ಪು, ಮೇಲೆ ಗಾಜು, ಮುಚ್ಚಳದಲ್ಲಿ ಕನ್ನಡಿ.

"ಬಿಸ್ಲಿಗೆ ಕ್ಯೂ ಇಲ್ಲ" ಎನ್ನುತ್ತಿದ್ದರು ಮಾವ.

"ಮುದ್ದೆ ತೊಳ್ಸಕ್ಕೂ ಅವನೇ ಕೆಳಗಿಳ್ದು ಬತ್ತಾನಾ?" ಎನ್ನುತ್ತಿದ್ದರು ಅತ್ತೆ.

ಸೂರ್ಯ ಪಕ್ಷ ಆಗ ಕನ್ನಡಿ ಒರೆಸಲು ಎದ್ದು ಹೋಗುತ್ತಿತ್ತು. ನನ್ನ ಗಂಡ ಪಕ್ಷೇತರರು. ಬೆಂದದ್ದು ಯಾವುದರಲ್ಲೇ ಆಗಲಿ, ಬಡಿಸಿದರೆ ಸಾಕು.

ಕೊನೆಗೊಂದು ದಿನ ಗ್ಯಾಸ್ ಏಜೆನ್ಸಿಯಿಂದ ಕಾಗದ ಬಂತು. ಶನಿವಾರ ಅವರ ಕಡೆಯವರು ಬಂದು ಅಡಿಗೆಮನೆ ನೋಡುತ್ತಾರೆ, ತುರ್ತು ಇದ್ದವರಿಗೆ ಮೊದಲು ಕೊಡುತ್ತಾರೆ.

"ನೋಡು, ಕಷ್ಟದಲ್ಲಿರೋ ಹಾಗೆ ಕಾಣ್ಬೇಕು" ಎಂದರು ನನ್ನ ಗಂಡ, ಶನಿವಾರ ಬೆಳಿಗ್ಗೆ ಫ್ಯಾಕ್ಟರಿಗೆ ಹೊರಡುತ್ತ. "ಜಾಸ್ತಿ ಮಾತಾಡ್ಬೇಡ."

ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದೆ. ಹೊಗೆ ಚೆನ್ನಾಗಿ ಬರಲೆಂದು ಸೌದೆಯನ್ನೆಲ್ಲ ನೀರಲ್ಲಿ ನೆನೆಸಿಟ್ಟೆ. ಹಳೆಯ ಸೀರೆ ಉಟ್ಟೆ.

ಆದರೆ ಮಾವ ಬೆಳಿಗ್ಗೆಯೇ ಅಕ್ಕಿ, ಬೇಳೆ, ಬದನೆಕಾಯಿ ಪೆಟ್ಟಿಗೆಯೊಳಗಿಟ್ಟು ಅಂಗಳದಲ್ಲಿ ಕೂತಿದ್ದರು. ಹನ್ನೆರಡೂವರೆಗೆ ನನ್ನನ್ನು ಕರೆದು, "ನೀನು ಓದಿದೋಳು, ನೀನೇ ತೆಗಿ" ಎಂದರು.

ಬಟ್ಟೆ ಹಿಡಿದು ಗಾಜು ಎತ್ತಿದೆ. ಆವಿ ಮುಖಕ್ಕೆ ಬಂತು. ಅನ್ನ ಮಲ್ಲಿಗೆಯಂತೆ ಅರಳಿತ್ತು. ಹೊಗೆಯಿಲ್ಲ, ಸದ್ದಿಲ್ಲ, ಊದಿದವರಿಲ್ಲ. ಕೆರೆಯ ಮೇಲೆ, ಗದ್ದೆಯ ಮೇಲೆ, ನಾವು ಒಣಹಾಕಿದ ಬಟ್ಟೆಗಳ ಮೇಲೆ ದಿನವೂ ಸುಮ್ಮನೆ ಬಿದ್ದಿರುತ್ತಿದ್ದ ಬಿಸಿಲು, ಕೇಳಿದ ತಕ್ಷಣ ಇಷ್ಟು ಕೆಲಸ ಮಾಡಿತ್ತು. ಯಾಕೋ ಕೈಮುಗಿಯಬೇಕೆನಿಸಿತು. ಮುಗಿದೆ.

"ಅಸ್ಸಲಾಮು... ನಮಸ್ಕಾರ ಅಮ್ಮಾ. ನಾನು ಗ್ಯಾಸ್ ಏಜೆನ್ಸಿ ಜಿಯಾವುಲ್ಲಾ. ಏನದು ಪೆಟ್ಟಿಗೆ?"

ಆಗ ನಾನು ಸುಮ್ಮನಿರಬೇಕಿತ್ತು. ಮೂರು ತಿಂಗಳು ಆ ಪೆಟ್ಟಿಗೆಯ ಮೇಲೆ ಹಪ್ಪಳ ಒಣಗಿಸಿ ಅವಮಾನಿಸಿದವಳು ನಾನೇ. ಆದರೂ ಮಾತು ತಾನಾಗಿ ಹರಿಯಿತು. ಕನ್ನಡಿ ತಿರುಗಿಸಿ ತೋರಿಸಿದೆ. ಪಾತ್ರೆಗೆ ಕಪ್ಪು ಬಣ್ಣ ಯಾಕೆಂದು ವಿವರಿಸಿದೆ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆಯೇ ತಟ್ಟೆ ಹಾಕಿ, ಗೌರಿಯ ತುಪ್ಪ ಬಡಿಸಿದರು. ಜಿಯಾವುಲ್ಲಾ ಸಾಹೇಬರು ಎರಡು ಸಲ ಅನ್ನ ಹಾಕಿಸಿಕೊಂಡರು.

"ಬಹಳ ರುಚಿ ಅಮ್ಮಾ. ನೀವು ಏನೋ ಚೆನ್ನಾಗಿ ಹೇಳಿದ್ರಿ, ಇನ್ನೊಂದ್ಸಲ ಹೇಳಿ."

ಹೇಳಿದೆ. ಅವರು ಬರೆದುಕೊಂಡರು. ಕೆಳಗೆ ಸಹಿ ಕೇಳಿದರು. ನಾನು ಮೈಮರೆತು, ದುಂಡಗೆ ಸಹಿ ಮಾಡಿದೆ. (ಮುಂದೆ ಬಿ.ಎ. ಎಂದೂ ಬರೆದೆ.) ಒಂದು ಪ್ರತಿ ಕೊಟ್ಟು ಸೈಕಲ್ ಹತ್ತಿದರು.

"ಏನ್ ಬರ್ದವ್ರೆ, ಓದು" ಎಂದರು ಅತ್ತೆ.

ಓದಿದೆ. "ಸೂರ್ಯನಿರುವ ಮನೆಗೆ ಬೇರೆ ಬೆಂಕಿ ಬೇಡವೆಂದು ಗೃಹಿಣಿಯೇ ತಿಳಿಸಿರುತ್ತಾರೆ. ತುರ್ತು ಕಂಡುಬರುವುದಿಲ್ಲ. ಹೆಸರನ್ನು ಪಟ್ಟಿಯ ಕೊನೆಗೆ ಸೇರಿಸಬಹುದು."

ಮಾವ ಟವೆಲಿನಿಂದ ಪೆಟ್ಟಿಗೆಯ ಗಾಜು ಒರೆಸತೊಡಗಿದರು. ನಕ್ಕದ್ದು ಕಾಣಬಾರದೆಂದಿರಬೇಕು.

"ಅಷ್ಟುದ್ದ ಮಾತಾಡ್ದಲ್ಲ" ಎಂದರು ಅತ್ತೆ, ನೊಂದ ದನಿಯಲ್ಲಿ. "ನನ್ ಸಗಣಿಗೂ ಒಂದು ಒಳ್ಳೆ ಮಾತು ಏಳ್ಬಾರ್ದಿತ್ತಾ?"

ಸಂಜೆ ಸೂರ್ಯ ತನ್ನ ಪಾಡಿಗೆ ತಾನು ಕೆರೆಯಾಚೆ ಇಳಿದ. ಮುದ್ದೆಗೆ ಎಸರಿಡಬೇಕಿತ್ತು. ನಾನೇ ನೆನೆಸಿದ್ದ ಸೌದೆ ಬಿಟ್ಟರೆ ಮನೆಯಲ್ಲಿ ಬೇರೆ ಸೌದೆ ಇರಲಿಲ್ಲ. ಕೊಳವೆ ಹಿಡಿದು ಊದುತ್ತಿದ್ದೆ. ಎರಡೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಫ್ಯಾಕ್ಟರಿಯಿಂದ ಬಂದ ಗಂಡ ಹೊಗೆಯೊಳಗೆ ನನ್ನನ್ನು ಹುಡುಕಿ ಕೇಳಿದರು.

"ಬಂದಿದ್ರಾ? ಕಷ್ಟದಲ್ಲಿರೋ ಹಾಗೆ ಕಂಡ್ಯಾ?"

"ಆಗ ಇಲ್ಲ ಕಣ್ರೀ" ಎಂದೆ. "ಈಗ ನೋಡಿ."