ಟ್ರೋಫಿಗೆ ಕೀಲೆಣ್ಣೆ

ಹೆಂಡತಿ ಹೊಗಳಿದ್ದೇ ಎಲ್ಲ ಎಡವಟ್ಟಿಗೂ ಮೂಲ.

ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಲೊಂಬೆ ಒಂದು ದಿನವೂ ಗಂಡನನ್ನು ಹೊಗಳಿದವಳಲ್ಲ. ಆ ಶನಿವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆಗೆದಳು. ಎಂದಿನಂತೆ ಅದು ಹಂದಿಮರಿಯ ಕಿವಿ ಹಿಂಡಿದ ಹಾಗೆ ಕಿರುಚಲಿಲ್ಲ. ಅನುಮಾನ ಬಂದು ಎರಡು ಸಲ ಮುಚ್ಚಿ ತೆಗೆದು ನೋಡಿದಳು. ಆಮೇಲೆ, "ಪರವಾಗಿಲ್ಲ, ಚಿಟಲು ಅಪ್ಪಂಗೂ ಒಂದು ಕೆಲಸ ಬರುತ್ತೆ" ಅಂದಳು.

ಚಿಟಲುವಿನ ಅಪ್ಪ, ಅಂದರೆ ಕಪಾಂಬ್ವೆ, ಮುಫುಲಿರಾದ ತಾಮ್ರದ ಗಣಿಯ ಉಗ್ರಾಣದಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಜೀವನವಿಡೀ ಬೇರೆಯವರಿಗೆ ಸ್ಪ್ಯಾನರು, ಬೋಲ್ಟು, ಗ್ರೀಸು ಎಣಿಸಿ ಕೊಟ್ಟನೇ ಹೊರತು ಒಂದನ್ನೂ ಕೈಯಾರೆ ಬಳಸಿರಲಿಲ್ಲ. ಹೋದ ವಾರ ಮಗ ಚಿಟಲು ಸೊಲ್ವೆಜಿಯಿಂದ ಬಂದವನು ಕೀಲೆಣ್ಣೆಯ ಒಂದು ಸ್ಪ್ರೇ ಡಬ್ಬಿ ಮರೆತು ಹೋಗಿದ್ದ. ಹಸಿರು ಡಬ್ಬಿ, ಮೂತಿಗೆ ಸಿಕ್ಕಿಸಲು ಕಡ್ಡಿಯಂಥ ಸಣ್ಣ ನಳಿಕೆ. ಅದರ ಮೈಮೇಲೆ ಬರೆದ ಉಪಯೋಗಗಳನ್ನೆಲ್ಲ ಕಪಾಂಬ್ವೆ ಬೈಬಲ್ಲಿನ ವಚನದಂತೆ ಬಾಯಿಪಾಠ ಮಾಡಿಕೊಂಡು, ಮೊದಲ ಪ್ರಯೋಗವನ್ನು ಆ ಕಿಟಕಿಯ ಮೇಲೆ ಮಾಡಿದ್ದ. ಈಗ ಹೆಂಡತಿಯ ಬಾಯಿಂದ ಹೊಗಳಿಕೆಯಂಥದ್ದೇನೋ ಬಿದ್ದ ಮೇಲೆ ಅವನು ಮನೆಯೊಳಗೆ ನಿಲ್ಲುವುದುಂಟೆ? ಪೆಟ್ಟಿಗೆಯಿಂದ ಉಗ್ರಾಣದ ಹಳೆಯ ಖಾಕಿ ಕೋಟು ತೆಗೆದು ಹಾಕಿಕೊಂಡು, ಡಬ್ಬಿಯನ್ನು ಜೇಬಿಗಿಳಿಸಿ ಬೀದಿಗೆ ಹೊರಟ.

ಪಕ್ಕದ ಮನೆಯ ಎಸ್ನಾಟ್ ಅಜ್ಜಿ ಎದುರಾದಳು. ಬೀದಿಯ ಎಲ್ಲರ ಪಾತ್ರೆಯಲ್ಲೂ ಏನು ಬೇಯುತ್ತಿದೆಯೆಂದು ತಿಳಿದ ಮೇಲೇ ತನ್ನ ಒಲೆ ಹೊತ್ತಿಸುವ ವಿಧವೆ ಆಕೆ. ಅವಳ ಗೇಟಿನ ಬೀಗ ಈಸ್ಟರ್‌ನಿಂದ ಕಚ್ಚಿಕೊಂಡು ಕೂತಿತ್ತು. ಮೂರು ತಿಂಗಳಿಂದ ಬೇಲಿಯ ಸಂದಿಯಲ್ಲಿ ಅಡ್ಡಡ್ಡವಾಗಿ ನುಸುಳಿ ಓಡಾಡುತ್ತಿದ್ದಳು. ಕಪಾಂಬ್ವೆ ಎರಡು ಸಲ ಪಿಚಕ್ಕೆನಿಸಿದ. ಬೀಗ ಬಾಯಿಬಿಟ್ಟಿತು. ಅಜ್ಜಿ ತನ್ನದೇ ಗೇಟಿನಿಂದ ನೆಟ್ಟಗೆ ಒಳಗೆ ಹೋಗಿ, ಖುಷಿಗೆ ಮತ್ತೆ ಹೊರಗೆ ಬಂದು, ಇನ್ನೊಂದು ಸಲ ಒಳಗೆ ಹೋದಳು.

ಅಲ್ಲಿಂದ ಮುಂದೆ ಅವಳ ಮನೆಯಿಂದ ಕೆಲಸಗಳು ಸಾಲುಗಟ್ಟಿ ಬಂದವು. ಮೊಮ್ಮಗಳ ಜಡೆಗೆ ಮೆತ್ತಿದ್ದ ಚೂಯಿಂಗ್ ಗಮ್ಮು ಬಿಟ್ಟಿತು. ಗೋಡೆಯ ಮೇಲೆ ಬಳಪದಲ್ಲಿ ಬರೆದ ಆನೆ ಅಳಿಸಿಹೋಯಿತು. ಗುದ್ದಲಿಗೆ ಹೊಡೆದ ಮೇಲೆ ಹಸಿ ಮಣ್ಣು ಅಂಟಲೇ ಇಲ್ಲ. ಅಭಿಮಾನದ ಭರದಲ್ಲಿ ಹಿಡಿಗೂ ಹೊಡೆದಿದ್ದರಿಂದ ಗುದ್ದಲಿ ಅಜ್ಜಿಯ ಕೈಯಿಂದ ಚಿಮ್ಮಿ ಕೋಳಿಗೂಡಿನ ಮೇಲೆ ಬಿತ್ತು, ಅಷ್ಟೆ. ಕೊನೆಗೆ ಅಜ್ಜಿ ಜಗಲಿಯ ಮೇಲೆ ಕೂತು, ಸೊಂಟಕ್ಕೆ ಸುತ್ತಿದ ಚಿಟೆಂಗೆ ಬಟ್ಟೆಯನ್ನು ಮೇಲೆ ಸರಿಸಿ ಮೊಣಕಾಲು ಮುಂದೆ ಚಾಚಿದಳು.

ಅದು ಮನುಷ್ಯರಿಗಲ್ಲ ಎಂದು ಕಪಾಂಬ್ವೆ ಹಿಂದೆ ಸರಿದ.

"ಬಾಗಿಲಿನದ್ದೂ ಕೀಲು, ನನ್ನದೂ ಕೀಲು. ಬಾಗಿಲಿಗೆ ಒಂದು ನ್ಯಾಯ, ನನಗೊಂದು ನ್ಯಾಯವಾ?" ಎಂದು ಅಜ್ಜಿ ಕೇಳಿದಳು. ಅವನು ಬೇಲಿಯ ಸಂದಿಯಿಂದಲೇ ತಪ್ಪಿಸಿಕೊಂಡ.

ಹತ್ತು ಗಂಟೆಯೊಳಗೆ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ಸೈಕಲ್ಲಿನವರು ಬಂದರು, ಕತ್ತರಿಯವರು ಬಂದರು, ತಿರುಗದ ಫ್ಯಾನನ್ನು ಮಗುವಿನಂತೆ ಎತ್ತಿಕೊಂಡವರು ಬಂದರು. ಜಿಪ್ಪು ಸಿಕ್ಕಿಕೊಂಡ ಪ್ಯಾಂಟನ್ನು ಹಾಕಿಕೊಂಡೇ ಬಂದವನೊಬ್ಬ, ಆದಷ್ಟು ಬೇಗ ಆಗಲಿ ಎಂದು ಗೋಗರೆದ. ಕಪಾಂಬ್ವೆ ಯಾರನ್ನೂ ನಿರಾಸೆ ಮಾಡಲಿಲ್ಲ. ಒಬ್ಬೊಬ್ಬರ ಕೆಲಸ ಮುಗಿಸಿ ಡಬ್ಬಿಯ ಮೂತಿಯನ್ನು ಕೋಟಿನ ತೋಳಿಗೆ ಒರೆಸುವಾಗ ಅವನ ಗತ್ತು ಆಪರೇಶನ್ ಮುಗಿಸಿದ ಸರ್ಜನ್ನನದಾಗಿತ್ತು.

ಹನ್ನೊಂದಕ್ಕೆ ಮನೆಗೆ ಬಂದು, ಉತ್ಸಾಹ ತಡೆಯಲಾರದೆ ತನ್ನ ಮನೆಯ ಕೆಂಪು ಜಗಲಿಗೇ ಹೊಡೆದ. ಲೊಂಬೆ ವಾರವಾರ ಮಂಡಿಯೂರಿ ಪಾಲಿಶ್ ತಿಕ್ಕುವ ಜಗಲಿ ಅದು. ಎಣ್ಣೆ ಬಿದ್ದದ್ದೇ ಕನ್ನಡಿಯಂತೆ ಹೊಳೆಯಿತು. ಅದೇ ಹೊತ್ತಿಗೆ ಬಡಾವಣೆಯ ಕ್ಲಬ್ಬಿನ ಅಧ್ಯಕ್ಷ ಚಿಸೆಂಗಾ ಹೊಸ ಬೂಟು ಹಾಕಿಕೊಂಡು ಮೆಟ್ಟಿಲು ಹತ್ತಿದ. ಮೊದಲ ಹೆಜ್ಜೆ ಅವನೇ ಇಟ್ಟ. ಉಳಿದದ್ದೆಲ್ಲ ಜಗಲಿಯೇ ನೋಡಿಕೊಂಡಿತು. ಎರಡೂ ಕೈ ಚಾಚಿಕೊಂಡು, ದೋಣಿಯಲ್ಲಿ ನಿಂತವನಂತೆ ಸರಾಗವಾಗಿ ತೇಲುತ್ತಾ ಬಾಗಿಲು ದಾಟಿ, ನಡುಮನೆಯ ಸೋಫಾದ ಮೇಲೆ ಕೂತುಬಿಟ್ಟ. ಅಡುಗೆಮನೆಯಿಂದ ಬಂದ ಲೊಂಬೆ, ಬೇಗ ಬಂದಿರಲ್ಲ ಎಂದು ನೀರು ಕೊಟ್ಟಳು. ಆಮೇಲೆ ಜಗಲಿ ನೋಡಿ, ಗಂಡನನ್ನೂ ನೋಡಿ, ಬಕೆಟ್ಟು ತಂದಿಟ್ಟಳು.

ಚಿಸೆಂಗಾ ಕೋಪ ಮಾಡಿಕೊಳ್ಳಲಿಲ್ಲ. ಅವನಿಗೆ ಕೆಲಸವಾಗಬೇಕಿತ್ತು. ಅಂದು ನಾಲ್ಕು ಗಂಟೆಗೆ ಕ್ಲಬ್ಬಿನ ಮೈದಾನದಲ್ಲಿ ಸಮಾರಂಭ. ಎಂಬತ್ತಾರರಲ್ಲಿ ಅವನ ನಾಯಕತ್ವದಲ್ಲಿ ತಂಡ ಲಿವಿಂಗ್‌ಸ್ಟನ್ನಿಗೆ ಹೋಗಿ ಗೆದ್ದು ತಂದ ಫುಟ್‌ಬಾಲ್ ಟ್ರೋಫಿಯನ್ನು ಹೊಸದಾಗಿ ಬಂದ ಡಿ.ಸಿ. ಅಮ್ಮನ ಕೈಯಿಂದ ಗಾಜಿನ ಪೆಟ್ಟಿಗೆಯಲ್ಲಿ ಇಡಿಸುವುದಿತ್ತು. ಹೆಗಲ ಚೀಲದಿಂದ ಅದನ್ನು ತೆಗೆದು ಮುಂದಿಟ್ಟ. ಅದರ ಮೈತುಂಬ ಕಿಲುಬು, ಹಳೆಯ ರಿಬ್ಬನ್ನುಗಳ ಅಂಟು. ಹೊಳೆಯುವಂತೆ ಮಾಡಿಕೊಟ್ಟರೆ ವೇದಿಕೆಯ ಪಕ್ಕದ ಮೊದಲ ಸಾಲಿನಲ್ಲಿ ಕುರ್ಚಿ, ಮೈಕಿನಲ್ಲಿ ಹೆಸರು.

ಕಪಾಂಬ್ವೆ ಕುರ್ಚಿಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ. ಅದಕ್ಕೆ ಕಾರಣವಿತ್ತು. ಅದೇ ಎಂಬತ್ತಾರರಲ್ಲಿ ಬಡಾವಣೆಯ ಹೆಂಗಸರೂ ಒಂದು ನೆಟ್‌ಬಾಲ್ ಟ್ರೋಫಿ ಗೆದ್ದಿದ್ದರು. ತಿಂಗಳು ತುಂಬುವುದರೊಳಗೆ, ಹೆಸರು ಕೆತ್ತಿಸಿ ತಂದದ್ದನ್ನು ಯಾರೂ ನೋಡುವ ಮೊದಲೇ, ಅದು ಕ್ಲಬ್ಬಿನ ಬೀರುವಿನಿಂದ ಮಾಯವಾಯಿತು. ಬೀರುವಿನ ಕೀಲಿಕೈ ಇದ್ದದ್ದು ಕಪಾಂಬ್ವೆಯ ಹತ್ತಿರ. ಅವನೇ ಮಾರಿಕೊಂಡ ಎಂದು ಯಾರೂ ಎದುರಿಗೆ ಹೇಳಲಿಲ್ಲ, ಬೆನ್ನ ಹಿಂದೆ ಹೇಳದೆಯೂ ಬಿಡಲಿಲ್ಲ. ಅಂದಿನಿಂದ ಕ್ಲಬ್ಬಿನಲ್ಲಿ ಅವನ ಜಾಗ ಹಿಂದಿನ ಬೆಂಚು. ಸಾಲದ್ದಕ್ಕೆ, ಎರಡು ವರ್ಷದ ನಂತರ ಅವನ ಕೈಹಿಡಿದ ಲೊಂಬೆ ಆ ನೆಟ್‌ಬಾಲ್ ತಂಡದಲ್ಲಿ ಗೋಲು ಹಾಕುತ್ತಿದ್ದ ಹುಡುಗಿ. ಮನೆಯಲ್ಲಿ ಚಮಚ ಕಾಣದಿದ್ದರೂ, ಅದೂ ಟ್ರೋಫಿ ಹೋದ ದಾರಿಗೇ ಹೋಗಿರಬೇಕು ಎಂದು ನಿಟ್ಟುಸಿರು ಬಿಡುವವಳು.

"ಒಂದು ಮಾತು," ಎಂದು ಚಿಸೆಂಗಾ ಹೊರಡುವಾಗ ದನಿ ತಗ್ಗಿಸಿದ. "ಮುಂದಿನ ಆ ಫಲಕ ಇದೆಯಲ್ಲ, ಅದನ್ನ ಮಾತ್ರ ಮುಟ್ಟಬೇಡ. ಹಳೇದು."

ಗೇಟಿನ ಹತ್ತಿರ ಹೋಗಿ ಮತ್ತೊಮ್ಮೆ ಹೇಳಿದ. ರಸ್ತೆ ದಾಟಿ ನಿಂತು ಕೈಸನ್ನೆಯಲ್ಲೂ ಹೇಳಿದ.

ಕಪಾಂಬ್ವೆ ಎರಡು ಗಂಟೆ ಟ್ರೋಫಿಯ ಜೊತೆ ಕೂತ. ಹೊಡೆದ, ಒರೆಸಿದ, ಊದಿದ. ಹಿಡಿಗಳು ಬೆಳ್ಳಿಯಂತಾದವು, ಬುಡದಲ್ಲಿ ತನ್ನ ಮುಖ ಕಂಡಿತು. ಎಲ್ಲ ಆದ ಮೇಲೆ ಹೊಳೆಯುವ ಮೈಯ ನಡುವೆ ಅಂಗೈ ಅಗಲದ ಆ ಹಿತ್ತಾಳೆ ಫಲಕವೊಂದೇ ಮಂಕಾಗಿ ಕಾಣತೊಡಗಿತು, ಮದುವೆಮನೆಗೆ ಸ್ನಾನ ಮಾಡದೆ ಬಂದವನ ಹಾಗೆ. ಮುಟ್ಟಬೇಡ ಎಂದನೇ ಹೊರತು ಹೊಡೆಯಬೇಡ ಎಂದಿರಲಿಲ್ಲವಲ್ಲ. ನಾಲ್ಕು ಅಂಚಿಗೂ ನಳಿಕೆಯಿಂದ ಸಮಾ ಹೊಡೆದ. ಫಲಕ ಬಂಗಾರದಂತೆ ಬೆಳಗಿತು.

ನಾಲ್ಕು ಗಂಟೆಗೆ ಮೈದಾನ ತುಂಬಿತ್ತು. ಡೋಲು ಬಡಿಯುತ್ತಿದ್ದರು. ಡಿ.ಸಿ. ಹೆಂಗಸೆಂಬ ಕಾರಣಕ್ಕೆ ಹಳೆಯ ನೆಟ್‌ಬಾಲ್ ತಂಡದವರೆಲ್ಲ ಒಂದೇ ಬಣ್ಣದ ಚಿಟೆಂಗೆ ಉಟ್ಟು ಒಂದು ಸಾಲು ಹಿಡಿದಿದ್ದರು. ಎಸ್ನಾಟ್ ಅಜ್ಜಿ ಆ ತಂಡದ ನಾಯಕಿ, ನಡುವೆ ಕೂತಿದ್ದಳು. ಎಷ್ಟೋ ವರ್ಷಗಳ ಮೇಲೆ ಕ್ಲಬ್ಬಿಗೆ ಕಾಲಿಟ್ಟ ಲೊಂಬೆ ಕೊನೆಯ ಕುರ್ಚಿಯಲ್ಲಿ. ಮೊದಲ ಸಾಲಿನಲ್ಲಿ ಖಾಕಿ ಕೋಟಿನ ಕಪಾಂಬ್ವೆ, ಎದೆ ಎಷ್ಟು ಉಬ್ಬಿಸಿದ್ದನೆಂದರೆ ಗುಂಡಿಗಳು ದಾರದ ಮೇಲೆ ಆಸೆ ಬಿಟ್ಟಿದ್ದವು. ಚಿಸೆಂಗಾ ಮೈಕಿನಲ್ಲಿ ಅವನ ಹೆಸರು ಹೇಳಿ, ಈ ಹೊಳಪಿಗೆ ಕಾರಣನಾದವನು ಎಂದ. ಜನ ಚಪ್ಪಾಳೆ ತಟ್ಟಿದರು. ಲೊಂಬೆಯೂ ತಟ್ಟಿದಳು. ಅದನ್ನವನು ತಿರುಗಿ ನೋಡಿ ಖಚಿತ ಮಾಡಿಕೊಂಡ.

ಡಿ.ಸಿ. ಅಮ್ಮ ಟ್ರೋಫಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿದಳು. ಎತ್ತಿದ್ದೇ ತಡ, ಫಲಕ ಬಿಸಿ ನ್ಶಿಮಾ ಮುದ್ದೆಯ ಮೇಲಿಂದ ಸಾರು ಇಳಿಯುವ ಹಾಗೆ ನಿಧಾನವಾಗಿ ಜಾರಿ, ಬುಡದಲ್ಲಿ ಒಂದು ಗಳಿಗೆ ಯೋಚನೆ ಮಾಡಿ, ಠಣ್ಣೆಂದು ವೇದಿಕೆಯ ಮೇಲೆ ಬಿತ್ತು.

ಕಪಾಂಬ್ವೆಯ ಎದೆ ಒಂದೇ ಏಟಿಗೆ ಇಳಿಯಿತು. ಚಿಸೆಂಗಾ ಫಲಕ ಹೆಕ್ಕಲು ಓಡಿದ. ಅಷ್ಟರಲ್ಲಿ ಡಿ.ಸಿ. ಅಮ್ಮ ಟ್ರೋಫಿ ಇಳಿಸಿ, ಫಲಕವಿದ್ದ ಜಾಗದಲ್ಲಿ ಕಂದು ಅಂಟಿನ ಅಡಿ ಕೆತ್ತಿದ್ದ ಮೊದಲ ಸಾಲನ್ನು ಕಣ್ಣು ಕಿರಿದು ಮಾಡಿ ಮೈಕಿನಲ್ಲೇ ಓದಿದಳು.

"ಮಹಿಳೆಯರ ನೆಟ್‌ಬಾಲ್. ಎಂಬತ್ತಾರು. ವಿಜೇತರು."

ಡೋಲು ನಿಂತಿತು. ಎಸ್ನಾಟ್ ಅಜ್ಜಿ ಮೊಣಕಾಲಿನ ಹಂಗಿಲ್ಲದೆ ಎದ್ದು ನಿಂತಳು. ಅವಳ ಹಿಂದೆ ಇಡೀ ಸಾಲು ಎದ್ದಿತು.

ಚಿಸೆಂಗಾನಿಗೆ ಓಡಲು ದಾರಿಯಿರಲಿಲ್ಲ. ಡಿ.ಸಿ. ಅಮ್ಮ ಮೈಕನ್ನು ಅವನ ಬಾಯಿಗೇ ಹಿಡಿದಳು. ತೊದಲುತ್ತಾ ಎಲ್ಲ ಹೇಳಿದ. ಗೆದ್ದದ್ದು ನಿಜ. ವಾಪಸು ಬರುವಾಗ ತಂಡವೆಲ್ಲ ಕುಡಿದು ಮಲಗಿತ್ತು, ಟ್ರೋಫಿ ಅವನ ಕೈಯಲ್ಲಿತ್ತು. ಕಪಿರಿ ಸ್ಟೇಷನ್ನಿನಲ್ಲಿ ಗೆಡ್ಡೆ ಹಿಟ್ಟಿನ ತಿಂಡಿ ಚಿಕಂಡಾ ತಿನ್ನಲು ಇಳಿದ. ಕಾಸು ಕೊಡಲೆಂದು ಟ್ರೋಫಿಯನ್ನು ಕೆಳಗಿಟ್ಟ. ರೈಲು ಸೀಟಿ ಹಾಕಿತು. ಓಡಿ ಹತ್ತಿದ ಮೇಲೆ ನೋಡಿದರೆ ಕೈಯಲ್ಲಿ ಚಿಕಂಡಾ ಇತ್ತು. ಊರಿಗೆ ಬಂದವನು ಯಾರಿಗೂ ಮುಖ ತೋರಿಸಲಾರದೆ ಕ್ಲಬ್ಬಿನ ಬೀರುವಿನ ಹಿಂದಿನ ಹಲಗೆ ಬಿಚ್ಚಿ ಹೆಂಗಸರ ಟ್ರೋಫಿ ತೆಗೆದ, ಮೇಲೊಂದು ಫುಟ್‌ಬಾಲ್ ಫಲಕ ಅಂಟಿಸಿದ.

"ಹಾಗಾದ್ರೆ ಕೀಲಿ ಮುಟ್ಟಿಲ್ಲ," ಎಂದಳು ಲೊಂಬೆ. ಮೈಕಿಲ್ಲದೆಯೂ ಮೈದಾನಕ್ಕೆಲ್ಲ ಕೇಳಿಸಿತು.

"ಮುಟ್ಟಿಲ್ಲ," ಎಂದ ಚಿಸೆಂಗಾ. "ಕಪಾಂಬ್ವೆದು ಏನೂ ತಪ್ಪಿಲ್ಲ."

ಮೂವತ್ತಮೂರು ವರ್ಷದ ಮಾತು ಒಂದು ಉಸಿರಿನಲ್ಲಿ ಕೆಳಗೆ ಬಿತ್ತು. ಜನ ತಿರುಗಿ ಕಪಾಂಬ್ವೆಯ ಕಡೆ ನೋಡಿದರು. ಬೆನ್ನ ಹಿಂದೆ ಆಡಿಕೊಂಡವರೇ ಬಂದು ಕೈಕುಲುಕಿದರು. ಲೊಂಬೆ ಸಾಲಿನಿಂದ ಹೊರಗೆ ಬಂದು ಅವನ ಮುಂದೆ ನಿಂತು, ಕೋಟಿನ ಕಾಲರನ್ನು ನೆಟ್ಟಗೆ ಮಾಡಿದಳು. ಇಷ್ಟು ವರ್ಷ ಅವನು ಆ ಹಿಂದಿನ ಬೆಂಚಿನ ಮೇಲೆ ಕೂತು ಕನಸು ಕಂಡದ್ದು ಬೇರೇನನ್ನೂ ಅಲ್ಲ. ಕಣ್ಣು ತೇವವಾಯಿತು. ಎಣ್ಣೆ ಸಿಡಿದಿರಬೇಕು ಎಂದು ಒರೆಸಿಕೊಂಡ.

"ಕೆಳಗೆ ಹೆಸರುಗಳೂ ಇದಾವೆ," ಎಂದಳು ಡಿ.ಸಿ. ಅಮ್ಮ. "ಅಂಟು ಮುಚ್ಚಿಕೊಂಡಿದೆ."

ಅಂಟು ಬಿಡಿಸುವವನು ಅಲ್ಲೇ ಇದ್ದ. ಅವನನ್ನು ಕೈಹಿಡಿದು ವೇದಿಕೆಗೆ ಹತ್ತಿಸಿದರು. ಜೇಬಿನಿಂದ ಡಬ್ಬಿ ತೆಗೆದು ಕುಲುಕಿದ, ಇನ್ನೂ ಸ್ವಲ್ಪ ಇತ್ತು. ಒಂದು ಪಿಚಕ್, ಬಟ್ಟೆಯಿಂದ ಒಂದು ಉಜ್ಜು. ಎಸ್ನಾಟ್, ನಾಯಕಿ. ಹೆಂಗಸರು ನಾಲಗೆ ಹೊರಳಿಸಿ ಉಲುಲು ಕೂಗಿದ ರಭಸಕ್ಕೆ ಮರದ ಮೇಲಿನ ಹಕ್ಕಿಗಳು ಎದ್ದವು. ಇನ್ನೊಂದು ಉಜ್ಜು, ಮೇವಿಸ್. ಅವಳು ಎರಡು ಹೆಜ್ಜೆ ಕುಣಿದು ಬಂದು ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ಹೋದಳು. ಫೆಬ್ಬಿ. ರಾಯ್ಸ್. ಆಮೇಲೆ ತೀರಿಹೋದ ಇಬ್ಬರ ಹೆಸರು ಬಂದಾಗ ಅವರ ಹೆಣ್ಣುಮಕ್ಕಳು ಬಂದು ಮುಟ್ಟಿದರು. ಮೊಮ್ಮಕ್ಕಳಿದ್ದ ಹೆಂಗಸರು ಹದಿನೆಂಟರ ಹುಡುಗಿಯರಂತೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಡಿ.ಸಿ. ಅಮ್ಮನೂ ಚಪ್ಪಲಿ ಕಳಚಿ ಕುಣಿಯುತ್ತಿದ್ದಳು.

ಆಡಿದವರು ಏಳು ಜನ. ಉಳಿದದ್ದು ಒಂದು ಸಾಲು. ಲೊಂಬೆ ತಲೆಯ ಬಟ್ಟೆ ಬಿಗಿಮಾಡಿಕೊಂಡಳು. ಫೈನಲ್ಲಿನ ಹದಿನಾರು ಗೋಲಿನಲ್ಲಿ ಹನ್ನೆರಡು ಅವಳದು. ಕಪಾಂಬ್ವೆ ಹೆಂಡತಿಯ ಕಡೆ ನೋಡಿ ನಕ್ಕು, ಡಬ್ಬಿಯಲ್ಲಿದ್ದ ಕೊನೆಯ ಹನಿಯನ್ನೆಲ್ಲ ಆ ಸಾಲಿಗೆ ಹೊಡೆದು, ತನ್ನ ಕೋಟಿನ ತೋಳಿನಿಂದಲೇ ಪ್ರೀತಿಯಿಂದ ಉಜ್ಜಿದ.

"ಮತ್ತು ಇತರರು."

ಅವನು ಮತ್ತೆ ಉಜ್ಜಿದ. ಅಕ್ಷರ ಇನ್ನೂ ಸ್ಪಷ್ಟವಾಯಿತೇ ಹೊರತು ಬೇರೆಯಾಗಲಿಲ್ಲ.

ಉಲುಲು ಕೂಗಲು ಬಾಯಿ ತೆರೆದಿದ್ದವರು ಹಾಗೇ ಮುಚ್ಚಿಕೊಂಡರು. ಲೊಂಬೆ ವೇದಿಕೆಯ ಹತ್ತಿರ ಬಂದು ಓದಿದಳು. ಬಹಳ ಹೊತ್ತು ಓದಿದಳು, ಎರಡೇ ಪದವಿದ್ದರೂ. ಆಮೇಲೆ, ಈ ಪಟ್ಟಿ ಯಾರು ಬರೆದು ಕಳಿಸಿದ್ದು ಎಂದು ಮೆಲ್ಲಗೆ ಕೇಳಿದಳು.

ಜನರ ಕಣ್ಣು ತನ್ನ ಮೇಲಿಂದ ಬೇರೆ ಕಡೆ ಹೋದರೆ ಸಾಕೆಂದು ಕಾಯುತ್ತಿದ್ದ ಚಿಸೆಂಗಾ ತಕ್ಷಣ ಬಾಯಿಬಿಟ್ಟ. ಆಗೆಲ್ಲ ಕೆತ್ತನೆಗೆ ಪಟ್ಟಿ ಹೋಗುತ್ತಿದ್ದದ್ದು ಗಣಿಯ ಉಗ್ರಾಣದಿಂದ, ಗುಮಾಸ್ತನ ಸಹಿಯಲ್ಲಿ.

ಕಪಾಂಬ್ವೆಗೆ ಎಲ್ಲ ನೆನಪಾಯಿತು. ಜಾಗ ಸಾಲದು, ಆರೇ ಹೆಸರು ಹಿಡಿಯುತ್ತೆ ಎಂದು ಕೆತ್ತುವವನಿಂದ ಚೀಟಿ ಬಂದಿತ್ತು. ಪಟ್ಟಿಯ ಕೊನೆಯಲ್ಲಿ ಆ ವರ್ಷವಷ್ಟೇ ಲುವಾನ್ಶಾದಿಂದ ಬಂದು ತಂಡ ಸೇರಿದ ಯಾವುದೋ ಹುಡುಗಿಯ ಹೆಸರಿತ್ತು. ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿ, ಸ್ಕೇಲು ಇಟ್ಟು ನೀಟಾಗಿ ಹೊಡೆದು ಹಾಕಿದ್ದ.

ಅವನು ಹೆಂಡತಿಯ ಮುಖ ನೋಡಿದ. ಈ ಕೆಲಸಕ್ಕೆ ಡಬ್ಬಿಯ ಮೇಲೆ ಯಾವ ಉಪಾಯವೂ ಬರೆದಿರಲಿಲ್ಲ.

"ಆಗ ನೀನು ಯಾರು ಅಂತ ನನಗೆ ಗೊತ್ತಿರ್ಲಿಲ್ಲ ಲೊಂಬೆ," ಅಂದ.

ಲೊಂಬೆ ಟ್ರೋಫಿಯನ್ನು ಅವನ ಕೈಯಿಂದ ತೆಗೆದುಕೊಂಡು ಸೊಂಟದ ಮೇಲೆ ಏರಿಸಿಕೊಂಡಳು.

"ಮನೆಗೆ ಬನ್ನಿ," ಎಂದಳು. "ಗೊತ್ತಾಗುತ್ತೆ."