ಬೆಲ್ಲು ಒತ್ತಿದರೆ ಬೆಳ್ತಂಗಡಿ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೊ, ಟೀವಿ ರಿಪೇರಿ ಅಂಗಡಿ ಇಟ್ಟವನು ನಾನು. ಹಾಳಾದ ಸಾಮಾನು ತರುವವರು ಹತ್ತು ಜನವಾದರೆ, ಕನಸು ಹಿಡಿದುಕೊಂಡು ಬಂದು "ಇದನ್ನೊಂದು ಸರಿ ಮಾಡಿಕೊಡಿ" ಎನ್ನುವವರು ಒಬ್ಬರಾದರೂ ಇರುತ್ತಾರೆ. ನನಗೆ ಆ ಒಬ್ಬರನ್ನು ಕಂಡರೇ ಪ್ರೀತಿ.

೧. ಗಾಳಿಯಲ್ಲಿ

ತೋಡಾರಿನ ಸಾಹೇಬರು ಗಲ್ಫಿನ ಕೆಲಸ ಮುಗಿಸಿ ಬರುವಾಗ ಕಂಬಳಿ, ಸೆಂಟಿನ ಜೊತೆ ಒಂದು ಆಟಿಕೆ ರೈಲನ್ನೂ ತಂದಿದ್ದರು. ಮಹಡಿಯ ಹಾಲಿನಲ್ಲಿ ಹಳಿ ಹಾಸಿ, ರಟ್ಟಿನ ಸ್ಟೇಷನ್ ಇಟ್ಟು 'ಮೂಡುಬಿದಿರೆ ಜಂಕ್ಷನ್' ಎಂದು ಬರೆದಿದ್ದರು. ಅಲ್ಲಿಂದ ಒಂದು ಹಳಿ ಬಂಟ್ವಾಳಕ್ಕೆ, ಇನ್ನೊಂದು ಬೆಳ್ತಂಗಡಿಗೆ. ನಿಜವಾದ ಮೂಡುಬಿದಿರೆಗೆ ರೈಲೇ ಇಲ್ಲ. "ಸರಕಾರ ತರುವಾಗ ತರಲಿ, ನಾನು ತಂದಾಯ್ತು" ಎನ್ನುತ್ತಿದ್ದರು. ಊಟವಾದ ಮೇಲೆ ರೈಲು ಬಿಟ್ಟು, ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತ ಕೂತರೆ, ಅವರು ಯಾವ ಊರು ದಾಟುತ್ತಿದ್ದರೋ ಅವರಿಗೇ ಗೊತ್ತು.

ತೊಂದರೆ ಇದ್ದದ್ದು ಹಳಿ ಬದಲಿಸುವ ಸ್ವಿಚ್ಚಿನ ವಯರಿನದ್ದು. ಅದು ನೆಲದ ಮೇಲೆ ಕುರ್ಚಿಯವರೆಗೂ ಬಂದಿತ್ತು. ಒಂದು ದಿನ ಅವರ ಹೆಂಡತಿ ಅದಕ್ಕೆ ಕಾಲು ಸಿಕ್ಕಿಸಿಕೊಂಡು, ಚಹಾದ ಟ್ರೇ ಸಮೇತ ಜಂಕ್ಷನ್ನಿನ ಮೇಲೆಯೇ ಬಿದ್ದರು. "ಶುಕ್ರವಾರ ಮಗಳ ಮನೆಯವರು ಊಟಕ್ಕೆ ಬರ್ತಾರೆ. ಅವತ್ತು ನೆಲದಲ್ಲಿ ಒಂದು ವಯರು ಕಂಡರೂ ರೈಲು ಅಟ್ಟಕ್ಕೆ!" ಎಂದುಬಿಟ್ಟರು.

ಸಾಹೇಬರು ನನ್ನಲ್ಲಿಗೆ ಓಡಿ ಬಂದರು. "ಹಳಿ ಗಾಳಿಯಲ್ಲಿ ಬದಲಾಗಬೇಕು ಮಾರಾಯ್ರೇ."

"ಫ್ಯಾನಿನ ಗಾಳಿಯಲ್ಲಾ?"

"ರಿಮೋಟಿನಲ್ಲಿ! ಫ್ಯಾನಿಗೂ ವಯರು ಉಂಟಲ್ಲ!"

೨. ಪಾಲು

ಅವರ ಕಪಾಟಿನಲ್ಲಿ ವಯರಿಲ್ಲದ ಕಾಲಿಂಗ್ ಬೆಲ್ಲೊಂದಿತ್ತು, ಅದೂ ಗಲ್ಫಿನದ್ದೇ. ಗುಂಡಿ ಒತ್ತಿದರೆ ದೂರದ ಪೆಟ್ಟಿಗೆ ಹಾಡುತ್ತದೆ. ಆ ಪೆಟ್ಟಿಗೆಯನ್ನು ಹಳಿಯ ಬುಡಕ್ಕೆ ಸೇರಿಸಿದೆ. ಒಮ್ಮೆ ಒತ್ತಿದರೆ ಹಳಿ ಈಚೆ, ಮತ್ತೊಮ್ಮೆ ಒತ್ತಿದರೆ ಆಚೆ ಹೋಗಬೇಕು ಎಂಬುದು ನನ್ನ ಲೆಕ್ಕಾಚಾರ. ಆದರೆ ಹಾಡಿನ ಕರೆಂಟು ಹಳಿಗೂ ಹೋಗುತ್ತದೆಂಬುದನ್ನು ಮರೆತಿದ್ದೆ. ಸಾಹೇಬರು ರೈಲು ಬಿಟ್ಟು ಗುಂಡಿ ಒತ್ತಿದರು. ಹಳಿ ಹಾಡಿಗೆ ಸರಿಯಾಗಿ ಟಕ್ ಟಕ್ ಎಂದು ತಾಳ ಹಾಕಿತು. ಇಂಜಿನ್ ಬಂಟ್ವಾಳಕ್ಕೆ ಹೋಯಿತು, ಡಬ್ಬಿಗಳು ಬೆಳ್ತಂಗಡಿಗೆ.

ಸಾಹೇಬರು ನಿಟ್ಟುಸಿರು ಬಿಟ್ಟರು. "ಅಣ್ಣತಮ್ಮಂದಿರು ಪಾಲಾದ ಹಾಗಾಯ್ತಲ್ಲ!"

ಹಾಡನ್ನು ಕಿತ್ತು ಹಾಕಿದೆ. ಆಮೇಲೆ ಹಳಿ ಒಂದು ಒತ್ತಿಗೆ ಒಂದೇ ಸಲ ಸರಿಯಿತು.

೩. ಹೊಸ ಬ್ಯಾಟರಿ

ಗುರುವಾರ ಸಾಹೇಬರ ಪಕ್ಕದ ಮನೆಯ ಹೋಟೆಲಿನವರು ಅಂಗಡಿಗೆ ಬಂದರು. "ಎರಡು ದಿವಸದಿಂದ ಬೆಲ್ಲು ಆಗ್ತದೆ, ಬಾಗಿಲು ತೆಗೆದರೆ ಯಾರೂ ಇಲ್ಲ. ಎಂತ ಅಂತ?"

"ಬ್ಯಾಟರಿ ವೀಕಾಗಿರಬೇಕು" ಎಂದು ದೊಡ್ಡ ಡಾಕ್ಟರರ ಗತ್ತಿನಲ್ಲಿ ಹೇಳಿ ಹೊಸತು ಕೊಟ್ಟೆ. ಸಂಜೆ ಫೋನ್ ಬಂತು: "ಈಗ ಯಾರೂ ಇಲ್ಲದಿದ್ದರೂ ಜೋರಾಗಿ ಆಗ್ತದೆ!"

೪. ಶುಕ್ರವಾರ

ನೆಂಟರು ಬರುವ ಮೊದಲು ಸಾಹೇಬರ ಹೆಂಡತಿಯ ತಪಾಸಣೆ. ನಾನೂ ಹೋಗಿ ಮೂಲೆಯಲ್ಲಿ ನಿಂತಿದ್ದೆ. ನೆಲದಲ್ಲಿ ವಯರಿಲ್ಲ. ಸಾಹೇಬರು ರೈಲು ಬಿಟ್ಟು, "ಈಗ ಬಂಟ್ವಾಳಕ್ಕೆ" ಎಂದು ಗುಂಡಿ ಒತ್ತಿದರು. ಹಳಿ ಸರಿಯಿತು. ರೈಲು ಜಂಕ್ಷನ್ ಹತ್ತಿರ ಬರುವಷ್ಟರಲ್ಲಿ ಯಾರೂ ಮುಟ್ಟದೆ ಹಳಿ ಮತ್ತೆ ಟಕ್ಕೆಂದಿತು. ರೈಲು ಬೆಳ್ತಂಗಡಿಗೆ ಹೊರಟಿತು! ಅಟ್ಟದ ಏಣಿ ಕಣ್ಣ ಮುಂದೆ ಬಂದಂತೆ ಸಾಹೇಬರ ಮುಖ ಬಿಳಿಚಿತು.

ಅವರ ಹೆಂಡತಿ ಕಿಟಕಿಯಲ್ಲಿ ಬಗ್ಗಿ ನೋಡಿದರು. ಹೋಟೆಲಿನವರ ಜಗಲಿಯಲ್ಲಿ ಯಾರೋ ಬೆಲ್ಲು ಒತ್ತಿ ಕಾಯುತ್ತಿದ್ದರು.

"ನೀವು ಅವರಿಗೂ ಇಂಥದ್ದೇ ಬೆಲ್ಲು ಕೊಟ್ಟಿದ್ದಿರಲ್ಲ?"

ಸಾಹೇಬರು ತಲೆ ತಗ್ಗಿಸಿದರು. ಜೋಡಿಯಾಗಿ ತಂದು, ಒಂದನ್ನು ನೆರೆಮನೆಗೆ ಉಡುಗೊರೆ ಕೊಟ್ಟಿದ್ದರಂತೆ. ಎರಡಕ್ಕೂ ಒಂದೇ ಸಿಗ್ನಲ್. ಇಲ್ಲಿ ಒತ್ತಿದರೆ ಅಲ್ಲಿ ಬೆಲ್ಲು, ಅಲ್ಲಿ ಒತ್ತಿದರೆ ಇಲ್ಲಿ ಹಳಿ.

"ಐದು ನಿಮಿಷದಲ್ಲಿ ನಮ್ಮ ಸಿಗ್ನಲ್ ಬದಲಿಸಿ ಕೊಡ್ತೇನೆ" ಎಂದು ಸ್ಕ್ರೂಡ್ರೈವರ್ ತೆಗೆದೆ.

"ಬೇಡ ಬೇಡ, ಹಾಗೇ ಇರಲಿ" ಎಂದರು ಆಕೆ, ಕಿಟಕಿ ಬಿಡದೆಯೇ. "ಆ ಮನೆಗೆ ಯಾರು ಯಾವಾಗ ಬರ್ತಾರೆ ಅಂತ ಈಗ ಅಡುಗೆ ಮನೆ ಬಿಟ್ಟು ಬಂದು ಕಿಟಕಿಯಲ್ಲಿ ಕಾಯುವ ಕೆಲಸ ಇಲ್ಲ, ಹಳಿ ಟಕ್ಕೆಂದರೆ ಸಾಕು. ನೀವು ದಿನವಿಡೀ ರೈಲು ಬಿಡಿ."

"ಆದರೆ ನನ್ನ ಬಂಟ್ವಾಳದ ಪ್ಯಾಸೆಂಜರು?" ಸಾಹೇಬರು ಅಳುಮುಖ ಮಾಡಿದರು.

"ಹೋಗಲಿ ಮಾರಾಯ್ರೇ" ಎಂದು ನಾನು ಸ್ಕ್ರೂಡ್ರೈವರ್ ಒಳಗಿಟ್ಟೆ. "ಬೆಳ್ತಂಗಡಿಯವರಿಗೂ ಒಂದು ರೈಲು ಬೇಡವಾ?"